ದಾದಿಯೂ ಅವಳ ನೆಲೆಯೂ

ಆದೋನಿಯ ಆಚೆಯ ಹಳ್ಳಿಯೊಂದರಿಂದ ವಾಚಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರದು ಸಣ್ಣ ಹಿಡುವಳಿ. ಹತ್ತಿ, ಜೋಳ, ಮಳೆ ಕೈಹಿಡಿದ ವರ್ಷ ಒಂದಿಷ್ಟು ಕಡಲೆ. ಮಗಳು ಊರಿನ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಪಟ್ಟಣದಲ್ಲಿ ಓದಿ, 4 ವರ್ಷದ ನರ್ಸಿಂಗ್ ಪದವಿಯನ್ನು ಮುಗಿಸಿದ್ದಾಳೆ. ಈಗ ಅವಳ ಮುಂದೆ ಎರಡು ದಾರಿಗಳು ತೆರೆದಿವೆ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದು ಕರೆದಿದೆ. ಇತ್ತ, ಮನೆಯಿಂದ ಒಂದು ಬಸ್ಸಿನ ದೂರದಲ್ಲಿರುವ ಗ್ರಾಮದ ಆರೋಗ್ಯ ಕೇಂದ್ರದಲ್ಲಿ ಕರಾರಿನ ಮೇಲೆ ಕೆಲಸ ಸಿಗುವಂತಿದೆ. "ಎಲ್ಲಿಗೆ ಕಳಿಸಲಿ? ಸಂಬಳ ನೋಡಲೋ, ಹತ್ತಿರವಿರುವುದನ್ನು ನೋಡಲೋ?" ಎಂಬುದು ಆ ತಂದೆಯ ಪ್ರಶ್ನೆ.

ಇಂಥ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಸಿದ್ಧವಾದ ಉತ್ತರಗಳಿವೆ. ಹಿರಿಯರು ಮದುವೆಯ ಮಾತೆತ್ತುತ್ತಾರೆ, ಸೋದರಮಾವಂದಿರು ಸಂಬಳದ ಲೆಕ್ಕ ಹಾಕುತ್ತಾರೆ. ಆದರೆ ಹುಡುಗಿ ಎಲ್ಲಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಬಲ್ಲಳು ಎಂಬ ಮಾತನ್ನು ಯಾರೂ ಕೇಳುವುದಿಲ್ಲ. ಒಳ್ಳೆಯ ದಾದಿ ಎಲ್ಲಿದ್ದರೂ ಒಳ್ಳೆಯ ದಾದಿಯೇ, ಸಿಡುಕಿನವಳು ಎಲ್ಲಿದ್ದರೂ ಸಿಡುಕಿನವಳೇ ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಈ ತೀರ್ಮಾನ ಅರ್ಧ ಸತ್ಯ ಮಾತ್ರ. ಉಳಿದ ಅರ್ಧವನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ.

ನಾವೂ ಹಾಗೆ ತೀರ್ಮಾನಿಸಿ ಒಮ್ಮೆ ನಾಚಿಕೊಂಡದ್ದುಂಟು. ಕೆಲವು ವರ್ಷಗಳ ಹಿಂದೆ, ಗಡಿಸೀಮೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಂಧುವೊಬ್ಬಳ ಜೊತೆಗೆ ನಾವು ರಾತ್ರಿ ಕುಳಿತಿದ್ದೆವು. ಪಕ್ಕದ ಹಾಸಿಗೆಯಲ್ಲಿ ಹಳ್ಳಿಯಿಂದ ಬಂದ ತುಂಬು ಗರ್ಭಿಣಿ. ಜೊತೆಗೆ ಅವಳ ಅತ್ತೆ. ಆ ಮುದುಕಿ ದಾದಿಯ ಬಳಿಗೆ ಮತ್ತೆ ಮತ್ತೆ ಹೋಗಿ, "ಕೂಸು ಮಿಸುಕವಲ್ದವ್ವ" ಎನ್ನುತ್ತಿದ್ದಳು. ದಾದಿ ದೂರದ ಜಿಲ್ಲೆಯವಳು, ತೆಲುಗಿನವಳು. ಕೂಸು ಎಂಬ ಮಾತು ಅವಳಿಗೆ ತಿಳಿದಿತ್ತು, ಉಳಿದದ್ದು ತಿಳಿದಿರಲಿಲ್ಲ. ಹೆರಿಗೆಗೆ ಇನ್ನೂ ಹೊತ್ತಿದೆ, ಹೋಗಿ ಕುಳಿತುಕೋ ಎಂದು ತೆಲುಗಿನಲ್ಲಿ ಎರಡು ಬಾರಿ ಹೇಳಿ ಕಳಿಸಿದಳು. ಮೂರನೆಯ ಬಾರಿ ದನಿ ಏರಿತು. ಎಂಥ ಕಲ್ಲೆದೆಯವಳು ಎಂದು ನಾವು ಕೇಳಿಸುವಂತೆಯೇ ಅಂದೆವು.

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಆಯಾ ತಲೆಯೆತ್ತಿ, ಮಗು ಅಲುಗಾಡುತ್ತಿಲ್ಲವೆಂದು ಹೇಳುತ್ತಿದ್ದಾಳೆ ಎಂದು ತೆಲುಗಿನಲ್ಲಿ ತಿಳಿಸಿದಳು. ದಾದಿಯ ಮುಖವೇ ಬದಲಾಯಿತು. ಓಡಿ ಬಂದು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಮಗುವಿನ ಎದೆಬಡಿತವನ್ನು ಆಲಿಸಿದಳು. ವೈದ್ಯರನ್ನು ಎಬ್ಬಿಸಿ ಕರೆತಂದಳು. ಬೆಳಗಾಗುವ ಮೊದಲೇ ಶಸ್ತ್ರಚಿಕಿತ್ಸೆಯಾಗಿ ತಾಯಿ ಮಗು ಇಬ್ಬರೂ ಉಳಿದರು. ಗರ್ಭದಲ್ಲಿ ಮಗುವಿನ ಚಲನೆ ಕಡಿಮೆಯಾಗುವುದು ಅಪಾಯದ ಸೂಚನೆ ಎಂಬುದು ಆ ದಾದಿಗೆ ಚೆನ್ನಾಗಿ ಗೊತ್ತಿತ್ತು. ಅವಳ ವಿದ್ಯೆಯಲ್ಲಿ ಕೊರತೆಯಿರಲಿಲ್ಲ, ಮನಸ್ಸಿನಲ್ಲಿಯೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಅವಳಿಗೂ ಅವಳನ್ನು ತಂದು ನಿಲ್ಲಿಸಿದ ನೆಲೆಗೂ ನಡುವೆ. 'ಮಿಸುಕವಲ್ದು' ಎಂಬಲ್ಲಿಯ 'ವಲ್ದು' ನಿಷೇಧಾರ್ಥದ್ದೆಂಬುದು ತೆಲುಗು ನಾಡಿನವಳಿಗೆ ಹೇಗೆ ತಿಳಿಯಬೇಕು? ಮೈಸೂರಿನ ಕನ್ನಡತಿಗೇ ಅದು ಒಡನೆ ತಿಳಿಯುವುದು ಅನುಮಾನ.

ಮರುದಿನ ಅದೇ ದಾದಿ ಆಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಕ್ಕ ಪುಸ್ತಕವೊಂದರಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದಳು. ಬ್ಯಾನಿ, ಜಡ್ಡು, ಮಿಸುಕು, ವಲ್ದು, ಎರಡು ಹೊತ್ತು, ಮೂರು ಹೊತ್ತು ಎಂಬ ನಮ್ಮ ಮಾತುಗಳು ತೆಲುಗು ಅಕ್ಷರಗಳಲ್ಲಿ ಸಾಲಾಗಿ ಕುಳಿತಿದ್ದವು. ಹಿಂದಿನ ರಾತ್ರಿ ಆಡಿದ ಮಾತಿಗೆ ನಾವು ಕ್ಷಮೆ ಕೇಳಿದೆವು. ಅವಳು ನಕ್ಕು, ಬಂದು ಮೂರು ತಿಂಗಳಾಯಿತು, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಎಂದಷ್ಟೇ ಹೇಳಿದಳು.

ಈ ಸೀಮೆಯಲ್ಲಿ ಇಂಥ ಪ್ರಸಂಗ ಆಕಸ್ಮಿಕವಲ್ಲ. 1953ರ ಅಕ್ಟೋಬರ್ 1ರಂದು ಕರ್ನೂಲನ್ನು ರಾಜಧಾನಿಯಾಗಿ ಮಾಡಿಕೊಂಡು ಆಂಧ್ರ ರಾಜ್ಯ ಉದಯಿಸಿದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಬಂದವು. ಗೆರೆಯನ್ನು ಎಳೆದದ್ದು ನಕ್ಷೆಯ ಮೇಲೆ, ನಾಲಗೆಯ ಮೇಲಲ್ಲ. ಹೊಳಗುಂದ, ಕೌತಾಳಂ, ಕೋಸಿಗಿ, ಆಲೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಅಂಗಳದ ಮಾತು ಕನ್ನಡ, ಕಛೇರಿಯ ಮಾತು ತೆಲುಗು. ಆದೋನಿಯ ಪೇಟೆಗೆ ಹೋದರೆ ಉರ್ದುವೂ ಕೂಡುತ್ತದೆ. ಗಂಡಸರು ಸಂತೆ ಸವಾರಿಗಳಲ್ಲಿ ತೆಲುಗನ್ನು ರೂಢಿಸಿಕೊಂಡಿರುತ್ತಾರೆ. ನೋವು ಬಂದಾಗ ಹೆಂಗಸರ, ಅದರಲ್ಲಿಯೂ ಮುದುಕಿಯರ ಬಾಯಿಂದ ಬರುವುದು ತಾಯ್ನುಡಿಯೇ. ಜಡ್ಡು ಬಲವಾದರೆ ಜನ ಕರ್ನೂಲಿಗೆ ಹೋಗುವಂತೆಯೇ ಬಳ್ಳಾರಿಗೂ ರಾಯಚೂರಿಗೂ ಹೋಗುತ್ತಾರೆ. ಅಲ್ಲಿ ಭಾಷೆಯ ತೊಡಕು ಕಡಿಮೆ. ಆದರೆ ಅಲ್ಲಿ ಅವರು ಪರರಾಜ್ಯದವರು.

ದಾದಿಯರಾದರೂ ಎಲ್ಲಿಂದ ಬರುತ್ತಾರೆ? 1975ರ ರಾಷ್ಟ್ರಪತಿ ಆದೇಶವು ಆಂಧ್ರಪ್ರದೇಶದ ಸರ್ಕಾರಿ ಹುದ್ದೆಗಳನ್ನು ಜಿಲ್ಲೆ, ವಲಯಗಳೆಂದು ವಿಂಗಡಿಸಿದಾಗ ಚಿತ್ತೂರು, ಕಡಪ, ಅನಂತಪುರ, ಕರ್ನೂಲು ಈ ನಾಲ್ಕೂ ಅಂದಿನ ಜಿಲ್ಲೆಗಳು ಒಂದೇ ವಲಯವಾದವು. ವಲಯ ಒಂದೇ ಆದರೂ ಮಾತು ಒಂದೇ ಅಲ್ಲ. ತಿರುಪತಿಯ ಕಡೆಯವಳಿಗೆ ಹೊಳಗುಂದ ಹತ್ತಿರದ ಹಳ್ಳಿ ಬೇರೆಯದೇ ನಾಡು. ಕಡತದಲ್ಲಿ ಹುದ್ದೆ ತುಂಬಿದೆ ಎಂದು ಬರೆದರೆ ಸಾಕೆ? ಹುದ್ದೆ ತುಂಬುವುದು ಬೇರೆ, ನೆಲೆ ಹೊಂದುವುದು ಬೇರೆ.

ಈ ಹೊಂದಿಕೆಯ ಮಾತನ್ನು ವಿದ್ವಾಂಸರೂ ಬಹುಕಾಲದಿಂದ ವಿಚಾರ ಮಾಡುತ್ತ ಬಂದಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು, ಕೆಲಸದ ಬಳಲಿಕೆಯು ಕೇವಲ ಮನುಷ್ಯನಿಂದಲ್ಲ, ಕೇವಲ ಕೆಲಸದಿಂದಲೂ ಅಲ್ಲ, ಇವೆರಡೂ ಒಂದಕ್ಕೊಂದು ಹೊಂದದೆ ಹೋದಾಗ ಹುಟ್ಟುತ್ತದೆ ಎಂದು ಪ್ರತಿಪಾದಿಸಿದರು. 1996ರಲ್ಲಿ ಆಮಿ ಕ್ರಿಸ್ಟಾಫ್ ಎಂಬ ವಿದುಷಿ ಅಲ್ಲಿಯವರೆಗಿನ ವಿಚಾರಗಳನ್ನು ಒಂದೆಡೆ ತಂದು ಕ್ರಮಪಡಿಸಿದರು. ಅವರೆಲ್ಲರ ಮಾತನ್ನು ನಮ್ಮ ಮನೆಯ ಮಾತಿನಲ್ಲಿ ಹೀಗೆ ಹೇಳಬಹುದು. ಹೊಂದಿಕೆಯಲ್ಲಿ ಮೂರು ಬಗೆ. ಕೆಲಸ ಕೇಳುವುದನ್ನು ಮಾಡುವ ಶಕ್ತಿ ಕೆಲಸಗಾರನಲ್ಲಿ ಇರಬೇಕು, ಇದು ಮೊದಲನೆಯದು. ಕೆಲಸಗಾರನಿಗೆ ಬೇಕಾದುದನ್ನು ಕೆಲಸದ ನೆಲೆ ಒದಗಿಸಬೇಕು, ಇದು ಎರಡನೆಯದು. ಇಬ್ಬರೂ ಮುಖ್ಯವೆಂದು ಎಣಿಸುವ ಸಂಗತಿಗಳು ಒಂದೇ ಆಗಿರಬೇಕು, ಇದು ಮೂರನೆಯದು.

2005ರಲ್ಲಿ ಅದೇ ವಿದುಷಿ ಇನ್ನಿಬ್ಬರೊಡನೆ 172 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಮನಿಸಬೇಕಾದ ಸಂಗತಿಯೊಂದು ಕಂಡುಬಂತು. ಹೊಂದಿಕೆಗೂ ಕೆಲಸದ ತೃಪ್ತಿಗೂ, ಅಲ್ಲಿಯೇ ಉಳಿಯುವ ಇಚ್ಛೆಗೂ ಬಲವಾದ ನಂಟಿದೆ; ಆದರೆ ಕೆಲಸದ ಗುಣಮಟ್ಟದೊಡನೆ ಇರುವ ನಂಟು ಅಷ್ಟು ಬಲವಾದುದಲ್ಲ. ಹೊಂದಿಕೊಂಡವಳೆಲ್ಲ ಚೆನ್ನಾಗಿ ದುಡಿಯುತ್ತಾಳೆ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಹೊಂದಿಕೊಂಡವಳು ಹೆಚ್ಚಾಗಿ ಬಿಟ್ಟುಹೋಗುವುದಿಲ್ಲ ಎಂದು ಹೇಳಬಹುದು. ಆದರೆ ನಮ್ಮ ಸೀಮೆಗೆ ಉಳಿಯುವುದೆಂಬುದೇ ದೊಡ್ಡ ಗುಣ. ಏಕೆಂದರೆ ಇಲ್ಲಿಯ ದಾದಿ ತಿಳಿಯಬೇಕಾದ ಎಷ್ಟೋ ವಿಷಯಗಳು ಯಾವ ಕಾಲೇಜಿನ ಪುಸ್ತಕದಲ್ಲಿಯೂ ಇಲ್ಲ; ಇದ್ದು ಕಲಿಯಬೇಕು.

ಒಂದು ಉದಾಹರಣೆ ಕೊಡುತ್ತೇವೆ. ಮಳೆ ನೆಚ್ಚಿದ ಈ ಕಡೆಯ ಹಳ್ಳಿಗಳಿಂದ ದೀಪಾವಳಿ ಕಳೆಯುತ್ತಲೇ ಕುಟುಂಬಗಳು ಗುಂಟೂರಿನ ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಗುಳೆ ಹೊರಡುತ್ತವೆ. ಸುಗ್ಗಿಗೆ ಹೋದರು ಎಂದು ಜನ ಹೇಳುವುದು ಇದನ್ನೇ. ಮನೆಗಳಿಗೆ ಬೀಗ, ಊರಲ್ಲಿ ಉಳಿಯುವವರು ಮುದುಕರು, ಕೆಲವು ಮಕ್ಕಳು. ಈಗ ಲೆಕ್ಕ ಹಾಕಿ ನೋಡಿ. ಶಿಶುವಿಗೆ ಹುಟ್ಟಿದಾಗಿನ ಲಸಿಕೆಯಾದ ಮೇಲೆ 6ನೆಯ, 10ನೆಯ, 14ನೆಯ ವಾರಗಳಲ್ಲಿ ಲಸಿಕೆ ಹಾಕಬೇಕು. ಅಕ್ಟೋಬರಿನಲ್ಲಿ ಹುಟ್ಟಿದ ಮಗುವಿಗೆ ಈ ಮೂರೂ ಸರದಿಗಳು ಬರುವ ಹೊತ್ತಿಗೆ ತಾಯಿ ಗುಂಟೂರಿನ ಹೊಲದ ಬದುವಿನಲ್ಲಿರುತ್ತಾಳೆ. ಹೊಸದಾಗಿ ಬಂದ ದಾದಿ ನವೆಂಬರಿನಲ್ಲಿ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಬೀಗ ನೋಡಿ, 'ಇಲ್ಲ' ಎಂದು ಗುರುತು ಹಾಕಿ ಬರುತ್ತಾಳೆ. ಅವಳದು ತಪ್ಪಲ್ಲ. ಊರನ್ನು ಬಲ್ಲ ದಾದಿ ಹಬ್ಬಕ್ಕೆ ಹದಿನೈದು ದಿನ ಮೊದಲೇ ಯಾವ ಯಾವ ಮನೆ ಹೊರಡುತ್ತದೆಂದು ಆಶಾ ಕಾರ್ಯಕರ್ತೆಯೊಡನೆ ಕುಳಿತು ಎಣಿಸುತ್ತಾಳೆ; ತಾಯಿ ಕಾರ್ಡನ್ನು ಸೀರೆಯ ಗಂಟಿನೊಡನೆ ಕಟ್ಟಿಕೊಂಡು ಹೋಗುವಂತೆ ಹೇಳುತ್ತಾಳೆ; ಎಲ್ಲಿದ್ದರೂ ಹತ್ತಿರದ ಸರ್ಕಾರಿ ಕೇಂದ್ರದಲ್ಲಿ ಅದನ್ನು ತೋರಿಸಿದರೆ ಲಸಿಕೆ ಸಿಗುತ್ತದೆಂದು ತಿಳಿಸುತ್ತಾಳೆ. ಇಬ್ಬರ ಪದವಿಯೂ ಒಂದೇ, ಇಬ್ಬರ ಶ್ರದ್ಧೆಯೂ ಒಂದೇ. ಕೆಲಸದ ಫಲ ಮಾತ್ರ ಬೇರೆ.

ಇಲ್ಲಿಯವರೆಗೆ ದಾದಿ ನೆಲೆಗೆ ಹೊಂದುವ ಮಾತಾಯಿತು. ನೆಲೆಯು ದಾದಿಗೆ ಹೊಂದಬೇಕೆಂಬ ಎರಡನೆಯ ಮಾತನ್ನು ನಾವು ಸುಲಭವಾಗಿ ಮರೆಯುತ್ತೇವೆ. ಫ್ಲಾರೆನ್ಸ್ ನೈಟಿಂಗೇಲ್ ಅವರು ಗಾಳಿ, ಬೆಳಕು, ಶುಚಿ, ನಿಶ್ಶಬ್ದಗಳನ್ನು ರೋಗಿಗೆ ಒದಗಿಸಿಕೊಡುವುದೇ ಶುಶ್ರೂಷೆಯ ಮೊದಲ ಕರ್ತವ್ಯವೆಂದು ತಿಳಿದಿದ್ದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ಆರಂಭವಾಯಿತು. ರೋಗಿಯ ಸುತ್ತಲಿನದು ರೋಗಿಯನ್ನು ಗುಣಪಡಿಸುತ್ತದೆ ಅಥವಾ ಕೆಡಿಸುತ್ತದೆ ಎಂಬ ಮಾತನ್ನು ಜಗತ್ತು ಒಪ್ಪಿತು. ದಾದಿಯ ಸುತ್ತಲಿನದು ದಾದಿಯ ಕೆಲಸವನ್ನು ಹಾಗೆಯೇ ಬೆಳೆಸುತ್ತದೆ ಅಥವಾ ಕೆಡಿಸುತ್ತದೆ ಎಂಬುದನ್ನು ಒಪ್ಪಲು ಮತ್ತೂ ನೂರಿಪ್ಪತ್ತು ವರ್ಷಗಳು ಬೇಕಾದವು.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ದಾದಿಯರ ಅಭಾವ ತೀವ್ರವಾಗಿತ್ತು. ಎಲ್ಲೆಡೆ ದಾದಿಯರು ಬಿಟ್ಟುಹೋಗುತ್ತಿರುವಾಗ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಅವರು ಏಕೆ ನಿಲ್ಲುತ್ತಾರೆಂದು ಅಲ್ಲಿಯ ಶುಶ್ರೂಷಾ ಅಕಾಡೆಮಿ ಶೋಧಿಸಿತು. 165 ಆಸ್ಪತ್ರೆಗಳನ್ನು ಪರಿಶೀಲಿಸಿ 41ನ್ನು ಆರಿಸಿ, 1983ರಲ್ಲಿ ಅವನ್ನು ಅಯಸ್ಕಾಂತದ ಆಸ್ಪತ್ರೆಗಳೆಂದು ಕರೆಯಿತು. ಅವುಗಳ ಗುಟ್ಟು ಏನೂ ದೊಡ್ಡದಲ್ಲ. ಸಾಕಷ್ಟು ಜನ, ಮಾತು ಕೇಳುವ ಮೇಲ್ವಿಚಾರಕಿ, ರೋಗಿಯ ವಿಷಯದಲ್ಲಿ ತಾನೇ ನಿರ್ಧರಿಸುವ ಸ್ವಾತಂತ್ರ್ಯ, ಕಲಿಯಲು ಅವಕಾಶ, ಸಂಸಾರಕ್ಕೆ ಹೊಂದುವ ಪಾಳಿ. ಇವಿಷ್ಟೇ.

2002ರಲ್ಲಿ ಸ್ವತಃ ದಾದಿಯಾಗಿದ್ದ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕವನ್ನು ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಹೆಚ್ಚಾಗಿ ಕಂಡುಬಂತು. ನಮ್ಮ ದೇಶದಲ್ಲಿಯೂ ಸಾಮಾನ್ಯ ವಾರ್ಡಿನಲ್ಲಿ 6 ಹಾಸಿಗೆಗಳಿಗೆ ಒಬ್ಬ ದಾದಿ ಇರಬೇಕೆಂಬ ಮಾನದಂಡ ಕಾಗದದ ಮೇಲಿದೆ. ರಾತ್ರಿಯ ಹೊತ್ತು ಒಂದು ತಾಲ್ಲೂಕು ಆಸ್ಪತ್ರೆಯ ವಾರ್ಡಿಗೆ ಹೋಗಿ ಕಣ್ಣಾರೆ ಎಣಿಸಿದವರಿಗೆ ಕಾಗದಕ್ಕೂ ವಾರ್ಡಿಗೂ ಇರುವ ದೂರ ತಿಳಿಯುತ್ತದೆ. ನಾವು ಕುಳಿತಿದ್ದ ಆ ರಾತ್ರಿ ಆ ದಾದಿ ನೋಡಿಕೊಳ್ಳುತ್ತಿದ್ದ ಹಾಸಿಗೆಗಳನ್ನು ನಾವು ಎಣಿಸಿದ್ದು ಅವಳನ್ನು ಬೈದ ಮೇಲೆ, 22 ಇದ್ದವು. ಅಷ್ಟು ಜನರ ನಡುವೆ ಯಾರ ದನಿ ತಾನೆ ಏರುವುದಿಲ್ಲ?

ಇಲ್ಲಿ ಎರಡು ಎಚ್ಚರದ ಮಾತುಗಳನ್ನು ಹೇಳಬೇಕು. ಹೊಂದಿಕೆ ಎಂದರೆ ನಮ್ಮವರೇ ಬರಲಿ, ಬೇರೆಯವರು ಬೇಡ ಎಂದಲ್ಲ. ಕರ್ನಾಟಕದ ಆಸ್ಪತ್ರೆಗಳಲ್ಲಿ ದಶಕಗಳಿಂದ ದುಡಿದ ಕೇರಳದ ದಾದಿಯರನ್ನು ನೆನೆಯಿರಿ. ಬಂದಾಗ ಒಂದಕ್ಷರ ಕನ್ನಡ ಬಾರದಿದ್ದವರು ಕೆಲವೇ ತಿಂಗಳಲ್ಲಿ ಅಜ್ಜಿಯರನ್ನು ಅಜ್ಜಿ ಎಂದೇ ಕರೆದು ಮಾತನಾಡಿಸುವಂತಾದರು. ಆ ಚಿಕ್ಕ ಪುಸ್ತಕದ ತೆಲುಗು ದಾದಿಯೂ ಇವರ ಸಾಲಿನವಳೇ. ಹೊಂದಿಕೆ ಹುಟ್ಟಿನಿಂದ ಬರುವುದಕ್ಕಿಂತ ಹೆಚ್ಚಾಗಿ ಕಲಿತು, ಕಲಿಸಿ ಬರುತ್ತದೆ. ಆ ಪುಸ್ತಕವನ್ನು ಅವಳೊಬ್ಬಳೇ ಬರೆಯಬೇಕಾಗಿ ಬಂದದ್ದೇ ವ್ಯಸನದ ಸಂಗತಿ. ಗಡಿಯ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಹೊಸದಾಗಿ ಬಂದವರ ಕೈಗೆ ಅಂಥದೊಂದನ್ನು ಮೊದಲ ದಿನವೇ ಕೊಡಲು ಎಷ್ಟು ಖರ್ಚಾದೀತು?

ಎರಡನೆಯದು, ಎರಡು ಭಾಷೆ ಬಲ್ಲವಳ ಮೇಲೆ ಬೀಳುವ ಹೊರೆ. ಕನ್ನಡ, ತೆಲುಗು ಎರಡೂ ಬರುವ ಗಡಿಯ ಹುಡುಗಿಯನ್ನು ಎಲ್ಲ ವಾರ್ಡಿನವರೂ ಕರೆಯುತ್ತಾರೆ. ತನ್ನ ರೋಗಿಗಳನ್ನು ಬಿಟ್ಟು ಅವಳು ದುಭಾಷಿಯಾಗಿ ಓಡಾಡುತ್ತಾಳೆ. ಇದು ಅವಳ ಕೆಲಸದ ಪಟ್ಟಿಯಲ್ಲಿಲ್ಲ, ಸಂಬಳದಲ್ಲಿಲ್ಲ, ಬಡ್ತಿಯ ಲೆಕ್ಕದಲ್ಲಿಲ್ಲ. ಹೊಂದಿಕೆಯನ್ನು ಗುಣವೆಂದು ಹೊಗಳಿ ದುಡಿಸಿಕೊಂಡು, ಅದಕ್ಕೆ ಬೆಲೆ ಕಟ್ಟದಿದ್ದರೆ ಆ ಗುಣವೇ ಅವಳನ್ನು ಹಣ್ಣು ಮಾಡುತ್ತದೆ.

ಈಗ ನಮ್ಮ ಪತ್ರಲೇಖಕರ ಪ್ರಶ್ನೆಗೆ ಬರೋಣ. ಬೆಂಗಳೂರು ಸರಿ, ಹಳ್ಳಿ ಸರಿ ಎಂದು ನಾವು ಇಲ್ಲಿ ಕುಳಿತು ತೀರ್ಪು ಕೊಡುವುದು ಉಚಿತವಲ್ಲ. ಆದರೆ ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲವು ಪ್ರಶ್ನೆಗಳನ್ನು ಕೇಳಿ. ಅವಳಿಗೆ ಯಾವ ಕೆಲಸ ಪ್ರಿಯ? ತೀವ್ರ ನಿಗಾ ಘಟಕದ ಯಂತ್ರಗಳ ನಡುವೆ ಒಬ್ಬ ರೋಗಿಯನ್ನು ಕಾಯುವುದೋ, ಊರಿನ ಗರ್ಭಿಣಿಯರನ್ನೂ ರಕ್ತದೊತ್ತಡದ ಹಿರಿಯರನ್ನೂ ವರ್ಷಗಟ್ಟಲೆ ನೋಡಿಕೊಳ್ಳುವುದೋ? 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ ನರ್ಸಿಂಗ್ ಪದವೀಧರರಿಗೆ ಹಳ್ಳಿಯ ಕೇಂದ್ರವನ್ನು ನಡೆಸುವ ಹೊಣೆಯ ಹುದ್ದೆಗಳು ತೆರೆದಿವೆ. ಅಲ್ಲಿ ಅವಳ ಕನ್ನಡ, ಅವಳ ಸುಗ್ಗಿಯ ತಿಳಿವಳಿಕೆ ಎರಡೂ ಬಂಡವಾಳವಾಗುತ್ತವೆ. ಆದರೆ ಒಂಟಿತನವೂ ಇರುತ್ತದೆ, ಕರಾರಿನ ಅನಿಶ್ಚಯವೂ ಇರುತ್ತದೆ. ಪಟ್ಟಣದ ಆಸ್ಪತ್ರೆಯಲ್ಲಿ ಹಿರಿಯ ದಾದಿಯರ ಕೈಕೆಳಗೆ ಕಲಿಯಲು ಬಹಳವಿದೆ. ಎರಡು ಮೂರು ವರ್ಷ ಕಲಿತು ಹಿಂದಿರುಗುವುದೂ ಒಂದು ದಾರಿಯೇ.

ಎಲ್ಲಿಗೆ ಹೋದರೂ, ಸಂಬಳದೊಡನೆ ಇವನ್ನೂ ವಿಚಾರಿಸಿ. ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಗೆ ಎಷ್ಟು ಹಾಸಿಗೆ? ಮಲಗಲು ಸುರಕ್ಷಿತವಾದ ಕೋಣೆ ಇದೆಯೇ? ಪಾಳಿ ಮುಗಿದ ಹೊತ್ತಿಗೆ ಬಸ್ಸಿದೆಯೇ? ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ? ಈ ಕೊನೆಯ ಪ್ರಶ್ನೆಯ ಉತ್ತರದಲ್ಲಿ ಉಳಿದೆಲ್ಲ ಉತ್ತರಗಳೂ ಅಡಗಿರುತ್ತವೆ. ಗಡಿಯವರಿಗೆ ಇನ್ನೊಂದು ಮಾತು. ಒಂದು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದವರು ಇನ್ನೊಂದು ರಾಜ್ಯದಲ್ಲಿ ದುಡಿಯಬೇಕಾದರೆ ಅಲ್ಲಿಯೂ ನೋಂದಣಿ ಮಾಡಿಸಬೇಕಾಗುತ್ತದೆ. ಸರ್ಕಾರಿ ಹುದ್ದೆಗೆ ಸ್ಥಳೀಯ ಅಭ್ಯರ್ಥಿಯೆಂದು ಎಣಿಸುವಾಗ ಎಲ್ಲಿ ಓದಿದರೆಂಬುದನ್ನು ನೋಡುತ್ತಾರೆ. ಬಳ್ಳಾರಿ, ರಾಯಚೂರಿಗೆ ಮಕ್ಕಳನ್ನು ಓದಲು ಕಳಿಸುವ ತಂದೆತಾಯಿಗಳು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಕೊನೆಯದಾಗಿ, ನಾವು ನೀವೆಲ್ಲರೂ ಎಂದಾದರೊಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವವರೇ. ದಾದಿಯ ನೆಲೆಯೆಂದರೆ ಕಟ್ಟಡವೂ ಮೇಲಧಿಕಾರಿಯೂ ಮಾತ್ರವಲ್ಲ, ಆ ಬೆಂಚಿನ ಮೇಲಿನ ನಾವೂ ಹೌದು. ಅವಳು ದೂರದಿಂದ ಬಂದವಳಾದರೆ ನಮ್ಮ ನೋವಿನ ಮಾತನ್ನು ನಿಧಾನವಾಗಿ, ಬೇರೆ ಬೇರೆ ಶಬ್ದಗಳಲ್ಲಿ ಹೇಳೋಣ. ಅವಳಿಗೆ ತಿಳಿಯಲಿಲ್ಲವೆಂದು ಕಂಡರೆ ತಿಳಿದವರನ್ನು ಕರೆಯೋಣ. ದನಿ ಏರಿದಾಗ ಮೊದಲು ಹಾಸಿಗೆಗಳನ್ನು ಎಣಿಸೋಣ, ಆಮೇಲೆ ಬೈಯೋಣ. ಆ ರಾತ್ರಿ ನಾವು ಹಾಗೆ ಮಾಡಿದ್ದರೆ ಮುದುಕಿಯ ಮಾತಿನ ಅರ್ಥವನ್ನು ಆಯಾ ಹೇಳುವ ತನಕ ಕಾಯಬೇಕಾಗಿರಲಿಲ್ಲ. ಕನ್ನಡವೂ ತೆಲುಗೂ ಬಲ್ಲ ನಾವು ಅದೇ ವಾರ್ಡಿನಲ್ಲಿ, ಮೂರು ಮೊಳದ ದೂರದಲ್ಲಿ ಕುಳಿತಿದ್ದೆವು.